ಟನ್ನಿನ ಲೆಕ್ಕ ಕೇಳಿ: ರಕ್ಷಣಾ ಸ್ಥಾಯಿ ಸಮಿತಿಗೆ ಒಂದು ಬಹಿರಂಗ ಪತ್ರ

ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯ ಅಧ್ಯಕ್ಷರಿಗೆ ಹಾಗೂ ಸದಸ್ಯರಿಗೆ,

ಮಾನ್ಯರೇ,

ಜಲಾಂತರ್ಗಾಮಿಗಳ ಬಗ್ಗೆ ನಮ್ಮ ದೇಶದಲ್ಲಿ ನಡೆಯುವ ಚರ್ಚೆ ಬಹುಮಟ್ಟಿಗೆ ಎಣಿಕೆಯ ಚರ್ಚೆ. ನಮ್ಮ ಬಳಿ ಎಷ್ಟಿವೆ, ನೆರೆಯವರ ಬಳಿ ಎಷ್ಟಿವೆ, ಹೊಸವು ಯಾವ ವರ್ಷ ನೀರಿಗಿಳಿಯುತ್ತವೆ, ಯಾರದು ಯಾರ ವಿಮಾನವಾಹಕ ನೌಕೆಯನ್ನು ಹೊಡೆಯಬಲ್ಲದು. ಇವು ಕೇಳಬೇಕಾದ ಪ್ರಶ್ನೆಗಳೇ. ಆದರೆ ಜಲಾಂತರ್ಗಾಮಿಗಳು ಒಂದು ದೊಡ್ಡ ದೇಶದ ಉಸಿರು ಕಟ್ಟಿಸಿದ್ದು ಅಕ್ಕಿ, ಕಲ್ಲಿದ್ದಲು, ಬಾಕ್ಸೈಟ್, ಕಚ್ಚಾ ಎಣ್ಣೆ ಹೊತ್ತು ಹೋಗುತ್ತಿದ್ದ ಸರಕು ಹಡಗುಗಳನ್ನು ಮುಳುಗಿಸಿ. ಆ ದೇಶ ಜಪಾನ್. ಅಟ್ಲಾಂಟಿಕ್‌ನ ಜರ್ಮನ್ ಯು-ಬೋಟುಗಳ ಕತೆ ಎಲ್ಲರಿಗೂ ಗೊತ್ತು, ಆದರೆ ಅದು ಸೋತ ಕತೆ. ಗೆದ್ದದ್ದು 1941ರಿಂದ 1945ರವರೆಗೆ ಪೆಸಿಫಿಕ್‌ನಲ್ಲಿ ಅಮೆರಿಕ ನಡೆಸಿದ ಸಮರ. ಎಣ್ಣೆಯ ಮಟ್ಟಿಗೆ ಭಾರತವೂ ದ್ವೀಪವೇ ಆಗಿರುವುದರಿಂದ ನಿಮ್ಮ ಮೇಜಿನ ಮೇಲೆ ಇರಬೇಕಾದದ್ದು ಸೋತ ಜಪಾನಿನ ಕಡತ.

ಮೊದಲು ಒಟ್ಟು ಲೆಕ್ಕ. ಯುದ್ಧ ಆರಂಭವಾದಾಗ ಜಪಾನಿನ ಬಳಿ 500 ಟನ್ನಿಗೆ ಮೇಲ್ಪಟ್ಟ ವ್ಯಾಪಾರಿ ಹಡಗುಗಳು ಸುಮಾರು 60 ಲಕ್ಷ ಗ್ರಾಸ್ ಟನ್ನಿನಷ್ಟಿದ್ದವು. ಯುದ್ಧದ ನಡುವೆ ಹೊಸದಾಗಿ ಕಟ್ಟಿದ್ದು, ವಶಪಡಿಸಿಕೊಂಡದ್ದು ಸೇರಿ ಇನ್ನೂ 41 ಲಕ್ಷ ಟನ್ ಬಂತು. ಇದರಲ್ಲಿ 89 ಲಕ್ಷ ಟನ್ ಮುಳುಗಿತು ಅಥವಾ ಯುದ್ಧ ಮುಗಿಯುವ ಹೊತ್ತಿಗೆ ಕೆಲಸಕ್ಕೆ ಬಾರದ ಸ್ಥಿತಿಯಲ್ಲಿತ್ತು. ಯುದ್ಧಾನಂತರದ ಅಮೆರಿಕನ್ ಸಮೀಕ್ಷೆಯ ಪ್ರಕಾರ ಈ ನಷ್ಟದ 54.7 ಶೇಕಡಾ ಜಲಾಂತರ್ಗಾಮಿಗಳಿಂದ ಆದದ್ದು. ಆ ಕೆಲಸ ಮಾಡಿದವರು ಅಮೆರಿಕದ ನೌಕಾಪಡೆಯ ಸಿಬ್ಬಂದಿಯಲ್ಲಿ ಶೇಕಡಾ ಎರಡಕ್ಕೂ ಕಡಿಮೆ. ಅವರು ತೆತ್ತ ಬೆಲೆಯೂ ಸಣ್ಣದಲ್ಲ: 52 ಜಲಾಂತರ್ಗಾಮಿಗಳು, ಸುಮಾರು 3,500 ಜನ. ಗಸ್ತಿಗೆ ಹೋದ ಐವರಲ್ಲಿ ಒಬ್ಬ ಮರಳಲಿಲ್ಲ.

ಗ್ರಾಸ್ ಟನ್ ಎಂಬುದು ತೂಕವಲ್ಲ, ಹಡಗಿನ ಒಳಜಾಗದ ಅಳತೆ. 100 ಘನ ಅಡಿಗೆ ಒಂದು ಟನ್. ಆ ಕಾಲದ 5,000 ಗ್ರಾಸ್ ಟನ್ನಿನ ಸರಕು ಹಡಗು ಅದರ ಸುಮಾರು ಒಂದೂವರೆ ಪಟ್ಟು ತೂಕ ಹೊರುತ್ತಿತ್ತು. ಆದರೆ ಯುದ್ಧಕಾಲದಲ್ಲಿ ದೇಶಕ್ಕೆ ಬೇಕಾದದ್ದು ಟನ್ನುಗಳಲ್ಲ, ಸಾಗಣೆ. ಹಡಗಿನ ಗಾತ್ರವನ್ನು ವರ್ಷಕ್ಕೆ ಅದು ಮಾಡುವ ಸುತ್ತುಗಳಿಂದ ಗುಣಿಸಿದರೆ ಸಾಗಣೆ ಸಿಗುತ್ತದೆ. ಆ ಸುತ್ತುಗಳನ್ನು ಕಡಿಮೆ ಮಾಡಲು ಒಂದು ಹಡಗನ್ನೂ ಮುಳುಗಿಸಬೇಕಿಲ್ಲ. ಜಲಾಂತರ್ಗಾಮಿ ಇದೆ ಎಂಬ ಸುದ್ದಿ ಬಂದರೆ ಹಡಗು ಬಂದರಿನಲ್ಲೇ ಕಾಯುತ್ತದೆ, ಹೊರಟರೆ ಅಂಕುಡೊಂಕಾಗಿ ಓಡುತ್ತದೆ, ಸುತ್ತುದಾರಿ ಹಿಡಿಯುತ್ತದೆ. 1944ರ ಕೊನೆಗೆ ಜಪಾನಿನ ಹಡಗುಗಳು ಚೀನಾದ ದಡಕ್ಕೆ ಅಂಟಿಕೊಂಡು ಹಗಲು ಮಾತ್ರ ಸಾಗಿ, ರಾತ್ರಿ ಲಂಗರು ಹಾಕುತ್ತಿದ್ದವು. ಮುಳುಗದ ಹಡಗೂ ಅರ್ಧ ಹಡಗಾಗಿತ್ತು.

ಜಪಾನ್ ಈ ಲೆಕ್ಕವನ್ನು ಕೆಡಿಸಿಕೊಂಡದ್ದು ಶತ್ರುವಿನ ಮೊದಲ ಟಾರ್ಪೆಡೊಗಿಂತಲೂ ಮುಂಚೆ. ಇದ್ದ ಹಡಗುಗಳಲ್ಲಿ ಭೂಸೇನೆ ಸುಮಾರು 21 ಲಕ್ಷ ಟನ್, ನೌಕಾಪಡೆ ಸುಮಾರು 17 ಲಕ್ಷ ಟನ್ ತೆಗೆದುಕೊಂಡವು. ದೇಶದ ಹೊಟ್ಟೆ ಮತ್ತು ಕಾರ್ಖಾನೆಗಳಿಗೆ ಉಳಿದದ್ದು ಮಿಕ್ಕ ಭಾಗ. ಮೂವರದೂ ಬೇರೆ ಬೇರೆ ವೇಳಾಪಟ್ಟಿ. ಭೂಸೇನೆಯ ಹಡಗು ದಕ್ಷಿಣಕ್ಕೆ ಸೈನಿಕರನ್ನು ಹೊತ್ತು ಹೋಗಿ ಖಾಲಿ ಬರುತ್ತಿತ್ತು. ಅದೇ ದಾರಿಯಲ್ಲಿ ನಾಗರಿಕ ಹಡಗು ಬಾಕ್ಸೈಟ್ ತರಲು ಖಾಲಿ ಹೋಗುತ್ತಿತ್ತು. ಇಲಾಖೆಗಳ ನಡುವಿನ ಗೋಡೆ ಇಷ್ಟು ದುಬಾರಿಯಾದ ಉದಾಹರಣೆ ಇತಿಹಾಸದಲ್ಲಿ ಅಪರೂಪ. ಯುದ್ಧ ಬಂದರೆ ಭಾರತದ ಧ್ವಜದ ಹಡಗುಗಳನ್ನು ಯಾರು, ಯಾವ ಆದ್ಯತೆಯಲ್ಲಿ ಹಂಚುತ್ತಾರೆ? ರಕ್ಷಣಾ, ಬಂದರು-ಹಡಗು ಸಾಗಣೆ, ಪೆಟ್ರೋಲಿಯಂ ಸಚಿವಾಲಯಗಳನ್ನು ಒಂದೇ ದಿನ ಒಂದೇ ಕೋಣೆಗೆ ಕರೆಸಿ ಈ ಪ್ರಶ್ನೆ ಕೇಳಿ. ಬೇರೆ ಬೇರೆ ದಿನ ಕರೆದರೆ ಉತ್ತರಗಳು ಚೆನ್ನಾಗಿಯೇ ಇರುತ್ತವೆ, ಹೊಂದಿಕೊಳ್ಳುವುದು ಮಾತ್ರ ಕಷ್ಟ.

ಹಾಗೆಂದು ಅಮೆರಿಕದವರು ಮೊದಲ ದಿನದಿಂದಲೇ ನಿಪುಣರಾಗಿದ್ದರು ಎಂದುಕೊಳ್ಳಬೇಡಿ. ಅವರ ಮಾರ್ಕ್ 14 ಟಾರ್ಪೆಡೊ ಕತೆಯನ್ನು ಶಸ್ತ್ರ ಖರೀದಿಯ ಕಡತ ನೋಡುವ ಪ್ರತಿಯೊಬ್ಬರೂ ಓದಬೇಕು. 46 ನಾಟ್ ವೇಗದಲ್ಲಿ 4,500 ಗಜ ಓಡುವ, ಸುಮಾರು 3,280 ಪೌಂಡ್ ತೂಕದ ಈ ಆಯುಧದಲ್ಲಿ ಮೂರು ದೋಷಗಳಿದ್ದವು. ಒಂದು ಇನ್ನೊಂದನ್ನು ಮುಚ್ಚಿಹಾಕುತ್ತಿದ್ದುದರಿಂದ ಮೊದಲನೆಯದನ್ನು ಸರಿಪಡಿಸುವ ತನಕ ಎರಡನೆಯದು ಕಾಣಲಿಲ್ಲ.

ಮೊದಲನೆಯದು ಆಳ. ಟಾರ್ಪೆಡೊ ತನ್ನ ಆಳವನ್ನು ತಿಳಿಯುವುದು ನೀರಿನ ಒತ್ತಡದಿಂದ. ಒತ್ತಡ ಅಳೆಯುವ ರಂಧ್ರವನ್ನು ಬಾಲದ ಕಡೆಯ ಇಳಿಜಾರಿನಲ್ಲಿ ಇಟ್ಟಿದ್ದರು. ಪೂರ್ತಿ ವೇಗದಲ್ಲಿ ನೀರು ಅಲ್ಲಿ ಜಾರಿ ಹೋಗುವಾಗ ಒತ್ತಡ ಇರಬೇಕಾದ್ದಕ್ಕಿಂತ ಕಡಿಮೆಯಾಗುತ್ತಿತ್ತು. ತಾನಿನ್ನೂ ಮೇಲೇ ಇದ್ದೇನೆ ಎಂದು ಲೆಕ್ಕ ಹಾಕಿ ಯಂತ್ರ ಮತ್ತಷ್ಟು ಕೆಳಗಿಳಿಯುತ್ತಿತ್ತು. ಸಾಲದ್ದಕ್ಕೆ, ಪರೀಕ್ಷೆಗೆ ಬಳಸಿದ ಡಮ್ಮಿ ತಲೆ ನಿಜವಾದ ಸಿಡಿತಲೆಗಿಂತ ಹಗುರ. ಟಾರ್ಪೆಡೊ ಗುರಿಯ ಅಡಿಯಲ್ಲೇ ತೂರಿ ಹೋಗುತ್ತಿದ್ದರೂ ವಾಷಿಂಗ್ಟನ್ನಿನ ಶಸ್ತ್ರಾಸ್ತ್ರ ಇಲಾಖೆ ಕಮಾಂಡರುಗಳ ಗುರಿಯೇ ಸರಿಯಿಲ್ಲ ಎಂದಿತು. ಕೊನೆಗೆ 1942ರ ಜೂನ್‌ನಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಆಲ್ಬನಿ ಬಳಿ, ಅಲ್ಲಿನ ಅಮೆರಿಕನ್ ಜಲಾಂತರ್ಗಾಮಿಗಳ ಮುಖ್ಯಸ್ಥ ಅಡ್ಮಿರಲ್ ಲಾಕ್‌ವುಡ್ ಮೀನುಗಾರರ ಬಲೆಯೊಂದನ್ನು ಕೊಂಡು ನೀರಿಗಿಳಿಸಿದರು. 10 ಅಡಿಗೆ ಹೊಂದಿಸಿ 850 ಗಜ ದೂರದಿಂದ ಬಿಟ್ಟ ಮೊದಲ ಟಾರ್ಪೆಡೊ ಬಲೆಯನ್ನು 25 ಅಡಿಯಲ್ಲಿ ಹರಿದಿತ್ತು. ಆಗಸ್ಟ್‌ನಲ್ಲಿ ಇಲಾಖೆ ದೋಷ ಒಪ್ಪಿಕೊಂಡಿತು.

ಎರಡನೆಯದು ಕಾಂತೀಯ ಸ್ಫೋಟಕ. ಹಡಗಿನ ಉಕ್ಕಿನ ಮೈ ಸುತ್ತಲಿನ ಕಾಂತಕ್ಷೇತ್ರವನ್ನು ಬದಲಿಸುತ್ತದೆ. ಅದನ್ನು ಗುರುತಿಸಿ ಟಾರ್ಪೆಡೊ ಹಡಗಿನ ತಳದ ಕೆಳಗೆ ಸಿಡಿಯಬೇಕಿತ್ತು. ವಿನ್ಯಾಸ ಮಾಡಿದ್ದು ಅಮೆರಿಕದ ಪೂರ್ವ ಕರಾವಳಿಯ ನ್ಯೂಪೋರ್ಟಿನ ನೀರಿನಲ್ಲಿ. ಭೂಮಿಯ ಕಾಂತಕ್ಷೇತ್ರ ಅಕ್ಷಾಂಶ ಬದಲಾದಂತೆ ಬದಲಾಗುತ್ತದೆ. ದಕ್ಷಿಣ ಪೆಸಿಫಿಕ್‌ನಲ್ಲಿ ಟಾರ್ಪೆಡೊಗಳು ಗುರಿ ಮುಟ್ಟುವ ಮೊದಲೇ ಸಿಡಿದವು, ಇಲ್ಲವೇ ಸಿಡಿಯಲೇ ಇಲ್ಲ. ಯುದ್ಧಕ್ಕೆ ಮೊದಲು ಈ ಬಗೆಯ ಸ್ಫೋಟಕವನ್ನು ನಿಜವಾದ ಹಡಗಿನ ಮೇಲೆ ಪರೀಕ್ಷಿಸಿದ್ದು 1926ರಲ್ಲಿ, ಒಂದು ಹಳೆಯ ಜಲಾಂತರ್ಗಾಮಿಯ ಮೇಲೆ, ಎರಡೇ ಸಲ. ಅದರಲ್ಲೂ ಒಂದು ಸಿಡಿಯಲಿಲ್ಲ. ಟಾರ್ಪೆಡೊ ಒಂದಕ್ಕೆ ಸುಮಾರು 10,000 ಡಾಲರ್ ಬೆಲೆ, ಹಾಳು ಮಾಡಲು ಮನಸ್ಸಿರಲಿಲ್ಲ. ಉಳಿಸಿದ ಆ ಹಣಕ್ಕೆ ಬಡ್ಡಿ ಕಟ್ಟಿದವರು ಜಲಾಂತರ್ಗಾಮಿಯೊಳಗೆ ಕೂತವರು. 1943ರ ಜೂನ್ 24ರಂದು ಅಮೆರಿಕದ ಪೆಸಿಫಿಕ್ ನೌಕಾಬಲದ ಮುಖ್ಯಸ್ಥ ಅಡ್ಮಿರಲ್ ನಿಮಿಟ್ಜ್ ಆ ಸ್ಫೋಟಕವನ್ನು ನಿಷ್ಕ್ರಿಯಗೊಳಿಸಲು ಆದೇಶಿಸಿದರು.

ಸರಿಯಾಗಿ ಒಂದು ತಿಂಗಳಿಗೆ, ಜುಲೈ 24ರಂದು, ಮೂರನೆಯದು ಹೊರಬಿತ್ತು. ಟಿನೋಸ ಎಂಬ ಜಲಾಂತರ್ಗಾಮಿ ಟೋನಾನ್ ಮಾರು ನಂ. 3 ಎಂಬ 19,000 ಟನ್ನಿನ ಹಡಗನ್ನು ಮೊದಲ ಹೊಡೆತಗಳಲ್ಲಿ ನಿಲ್ಲಿಸಿತು. ನಿಂತ ಹಡಗಿನ ಪಕ್ಕಕ್ಕೆ ಲಂಬವಾಗಿ ಬಂದು, ನಿಧಾನವಾಗಿ, ಪಠ್ಯಪುಸ್ತಕದಂತೆ ಒಂದೊಂದೇ ಟಾರ್ಪೆಡೊ ಬಿಟ್ಟಿತು. ಬಡಿದ ಶಬ್ದ ಕೇಳಿಸಿತು, ಸ್ಫೋಟವಿಲ್ಲ. ಒಟ್ಟು 15 ಬಿಟ್ಟ ಕಮಾಂಡರ್ ಕೊನೆಯ ಒಂದನ್ನು ಪರೀಕ್ಷೆಗೆಂದು ಪರ್ಲ್ ಹಾರ್ಬರಿಗೆ ತಂದರು. ಹವಾಯಿಯ ಕಹೊಲಾವೆ ದ್ವೀಪದ ಬಂಡೆಗೆ ಟಾರ್ಪೆಡೊ ಹೊಡೆದು, 90 ಅಡಿ ಎತ್ತರದ ಕ್ರೇನಿನಿಂದ ಉಕ್ಕಿನ ಹಲಗೆಯ ಮೇಲೆ ಡಮ್ಮಿ ತಲೆಗಳನ್ನು ಬೀಳಿಸಿ ನೋಡಿದಾಗ ಕಾರಣ ಸಿಕ್ಕಿತು. ನೇರ 90 ಡಿಗ್ರಿಯಲ್ಲಿ ಬಡಿದರೆ ಹತ್ತರಲ್ಲಿ ಏಳು ಸಿಡಿಯುತ್ತಿರಲಿಲ್ಲ. 45 ಡಿಗ್ರಿಯಲ್ಲಿ ವಿಫಲವಾಗುತ್ತಿದ್ದುದು ಅರ್ಧ. ಬಡಿತದ ರಭಸಕ್ಕೆ ಭಾರವಾದ ಫೈರಿಂಗ್ ಪಿನ್ ತನ್ನ ಗೈಡ್‌ಗೆ ಒತ್ತಿಕೊಂಡು, ಆ ಘರ್ಷಣೆಯಲ್ಲಿ ವೇಗ ಕಳೆದುಕೊಳ್ಳುತ್ತಿತ್ತು. ಹಳೆಯ ನಿಧಾನದ ಟಾರ್ಪೆಡೊಗಳಲ್ಲಿ ಈ ತೊಂದರೆ ಇರಲಿಲ್ಲ. ಹಗುರವಾದ ಗಟ್ಟಿ ಮಿಶ್ರಲೋಹದ ಪಿನ್ ಹಾಕಿದ ಮೇಲೆ ಸರಿಹೋಯಿತು. ಅಂದರೆ ಅತ್ಯಂತ ಚೆನ್ನಾಗಿ ಗುರಿಯಿಟ್ಟವನಿಗೇ ಅತ್ಯಂತ ಕೆಟ್ಟ ಫಲ. ಯುದ್ಧ ಶುರುವಾಗಿ 21 ತಿಂಗಳು ಕಳೆದ ಮೇಲಷ್ಟೇ ನಂಬಬಹುದಾದ ಟಾರ್ಪೆಡೊ ಕಡಲಿಗಿಳಿಯಿತು. ಈಗ ನಿಮ್ಮ ಮುಂದೆ ಬರುವ ಟಾರ್ಪೆಡೊ ಪ್ರಸ್ತಾವಗಳಲ್ಲಿ ಬೆಲೆ ಮತ್ತು ಸಂಖ್ಯೆಯ ಜೊತೆ ಇದನ್ನೂ ಕೇಳಿ: ನಿಜವಾದ ಸಿಡಿತಲೆಯೊಂದಿಗೆ, ನಿಜವಾದ ಹಡಗಿನ ಮೇಲೆ, ನಮ್ಮದೇ ಕಡಲಿನ ಆಳ ಮತ್ತು ಉಷ್ಣತೆಯಲ್ಲಿ ಎಷ್ಟು ಪ್ರಯೋಗ ಆಗಿವೆ?

ಆಯುಧದಷ್ಟೇ ಕೆಲಸ ಮಾಡಿದ್ದು ಮಾಹಿತಿ. ಅಮೆರಿಕದ ಗಾಟೊ ವರ್ಗದ ಒಂದು ಜಲಾಂತರ್ಗಾಮಿ ನೀರಿನ ಮೇಲೆ 21 ನಾಟ್ ಓಡುತ್ತಿತ್ತು, ಮುಳುಗಿದಾಗ 9 ನಾಟ್, ಅದೂ ಸ್ವಲ್ಪ ಹೊತ್ತು ಮಾತ್ರ. ಹೊತ್ತದ್ದು 24 ಟಾರ್ಪೆಡೊ. ಇಷ್ಟರಲ್ಲಿ ಇಡೀ ಪೆಸಿಫಿಕ್ ಹುಡುಕುವುದು ಸಾಧ್ಯವಿಲ್ಲ. ಹಡಗು ಎಲ್ಲಿ ಬರುತ್ತದೆಂದು ಮೊದಲೇ ಗೊತ್ತಿರಬೇಕು. ಜಪಾನಿನ ಸರಕು ಹಡಗುಗಳು ಮತ್ತು ಬೆಂಗಾವಲು ಗುಂಪುಗಳು ಮಧ್ಯಾಹ್ನ ತಾವೆಲ್ಲಿರುತ್ತೇವೆ ಎಂಬುದನ್ನು ರೇಡಿಯೊದಲ್ಲಿ ಗೂಢಲಿಪಿಯಲ್ಲಿ ತಿಳಿಸುತ್ತಿದ್ದವು. ವ್ಯಾಪಾರಿ ಹಡಗುಗಳ ಲಿಪಿಯೊಂದನ್ನು 1942ರ ಕೊನೆಗೆ ಬ್ರಿಟಿಷರು ಪೂರ್ವ ಆಫ್ರಿಕಾದ ಮೊಂಬಾಸಾ ಬಳಿಯ ಕಿಲಿಂಡಿನಿಯಲ್ಲಿ ಬಿಡಿಸಿದರು. ಭೂಸೇನೆಯ ಜಲಸಾರಿಗೆ ಲಿಪಿಯನ್ನು 1943ರ ಏಪ್ರಿಲ್‌ನಲ್ಲಿ ಬಿಡಿಸಿದ ಎರಡು ಕೇಂದ್ರಗಳಲ್ಲಿ ಒಂದು ಬ್ರಿಸ್ಬೇನಿನಲ್ಲಿತ್ತು, ಇನ್ನೊಂದು ನೀವು ಕೂತು ಸಭೆ ನಡೆಸುವ ದೆಹಲಿಯ ಆನಂದ್ ಪರ್ಬತ್‌ನಲ್ಲಿ. ಅಲ್ಲಿಂದ ಮುಂದೆ ಜಲಾಂತರ್ಗಾಮಿಯನ್ನು ದಾರಿಯಲ್ಲಿ ಕಾಯಿಸಿ ನಿಲ್ಲಿಸಬಹುದಿತ್ತು. ಕತ್ತಲಲ್ಲಿ ಮೇಲೆದ್ದು, ಎಸ್‌ಜೆ ರೇಡಾರ್ ಹಿಡಿದು, 8–10 ನಾಟ್‌ನಲ್ಲಿ ತೆವಳುವ ಗುಂಪನ್ನು ಬಳಸಿ ಮುಂದೆ ಹೋಗಿ ಕಾದು ಹೊಡೆಯುವುದೇ ಕ್ರಮವಾಯಿತು. ರೇಡಾರ್ ಇಲ್ಲದ ಜಪಾನಿ ಬೆಂಗಾವಲಿಗೆ ಕತ್ತಲಲ್ಲಿ ಅದು ಕಾಣುತ್ತಲೇ ಇರಲಿಲ್ಲ.

ಇಲ್ಲಿ ಶಾಸನಸಭೆಯವರಿಗೇ ಸಂಬಂಧಪಟ್ಟ ಒಂದು ಪ್ರಸಂಗವಿದೆ, ಬೇಸರ ಮಾಡಿಕೊಳ್ಳಬೇಡಿ. 1943ರ ಜೂನ್‌ನಲ್ಲಿ ಅಮೆರಿಕದ ಜನಪ್ರತಿನಿಧಿ ಸಭೆಯ ಸೇನಾ ವ್ಯವಹಾರ ಸಮಿತಿಯ ಅಧ್ಯಕ್ಷ ಆಂಡ್ರ್ಯೂ ಮೇ ಪೆಸಿಫಿಕ್ ಪ್ರವಾಸ ಮುಗಿಸಿ ಬಂದು, ನಮ್ಮ ಜಲಾಂತರ್ಗಾಮಿಗಳು ಬದುಕಿ ಬರುತ್ತಿರುವುದು ಜಪಾನೀಯರು ಡೆಪ್ತ್ ಚಾರ್ಜ್‌ಗಳನ್ನು, ಅಂದರೆ ಜಲಾಂತರ್ಗಾಮಿಯ ಮೇಲೆ ನೀರಿಗೆ ಬಿಡುವ ಬಾಂಬುಗಳನ್ನು, ತೀರಾ ಕಡಿಮೆ ಆಳದಲ್ಲಿ ಸಿಡಿಸುವುದರಿಂದ ಎಂದು ಪತ್ರಿಕೆಗಳಿಗೆ ಹೇಳಿಬಿಟ್ಟರು. ಆ ಮಾತಿನ ಬೆಲೆ 10 ಜಲಾಂತರ್ಗಾಮಿ, 800 ಜನ ಎಂದು ಲಾಕ್‌ವುಡ್ ಅಂದಾಜು ಮಾಡಿದ್ದರು. ಅಂದಾಜನ್ನು ಸಾಬೀತು ಮಾಡುವ ದಾರಿಯಿಲ್ಲ, ಆದರೆ ಗೋಪ್ಯ ಮಾಹಿತಿ ಪಡೆದ ಯಾವ ಸಮಿತಿಯೂ ಈ ಪ್ರಸಂಗವನ್ನು ಮರೆಯಬಾರದು.

ಬೆಂಗಾವಲಿನ ವಿಷಯಕ್ಕೆ ಬರೋಣ. ವ್ಯಾಪಾರಿ ಹಡಗುಗಳನ್ನು ಗುಂಪು ಕಟ್ಟಿ ಕಳಿಸುವ ಕಾನ್ವಾಯ್ ಪದ್ಧತಿಗೆ ನೌಕಾಪಡೆಗಳು ಮೊದಲಿನಿಂದಲೂ ಮೂಗು ಮುರಿಯುತ್ತ ಬಂದಿವೆ. ಒಂದೇ ಕಡೆ ಇಷ್ಟು ಹಡಗು ಸೇರಿಸಿದರೆ ಶತ್ರುವಿಗೆ ಹಬ್ಬ ಎಂಬುದು ಹಳೆಯ ವಾದ. ಲೆಕ್ಕ ಬೇರೆಯೇ ಹೇಳುತ್ತದೆ. ಹಡಗುಗಳ ಸಂಖ್ಯೆ ನಾಲ್ಕು ಪಟ್ಟಾದರೆ ಅವು ಹರಡುವ ಜಾಗ ನಾಲ್ಕು ಪಟ್ಟಾಗುತ್ತದೆ, ಆದರೆ ಕಾಯಬೇಕಾದ ಸುತ್ತಳತೆ ಎರಡೇ ಪಟ್ಟು. ವಿಶಾಲ ಕಡಲಿನಲ್ಲಿ 40 ಹಡಗುಗಳ ಒಂದು ಗುಂಪು ಶತ್ರುವಿಗೆ ಸಿಗುವ ಸಾಧ್ಯತೆ, ಚದುರಿದ 40 ಒಂಟಿ ಹಡಗುಗಳಲ್ಲಿ ಒಂದಲ್ಲ ಒಂದು ಸಿಗುವ ಸಾಧ್ಯತೆಗಿಂತ ತುಂಬಾ ಕಡಿಮೆ. ಸಿಕ್ಕರೂ ಜಲಾಂತರ್ಗಾಮಿ ಹೊಡೆಯಬಲ್ಲದ್ದು ಕೊಳವೆಗಳಲ್ಲಿ ತುಂಬಿಟ್ಟಷ್ಟು ಮಾತ್ರ. 1917ರಲ್ಲಿ ಬ್ರಿಟಿಷ್ ಅಡ್ಮಿರಾಲ್ಟಿ ಕಾನ್ವಾಯ್ ಅಸಾಧ್ಯ ಎನ್ನುತ್ತಿತ್ತು. ವಾರಕ್ಕೆ 2,500 ಹಡಗು ಬರುತ್ತವೆ, 2,500 ಹೋಗುತ್ತವೆ, ಯಾರು ಕಾಯುವುದು ಎಂದು. ಕರಾವಳಿಯ ಸಣ್ಣಪುಟ್ಟ ಓಡಾಟವನ್ನೆಲ್ಲ ಸೇರಿಸಿದ ಲೆಕ್ಕ ಅದು. ಸಾಗರ ದಾಟಿ ಬರುವವು ವಾರಕ್ಕೆ 120ರಿಂದ 140 ಮಾತ್ರ ಎಂದು ಒಬ್ಬ ಕಮಾಂಡರ್ ಹಡಗು ಸಾಗಣೆ ಸಚಿವಾಲಯದ ಕಡತ ನೋಡಿ ಹೇಳಿದ ಮೇಲೆ ವಾದ ಬಿದ್ದುಹೋಯಿತು. ಎರಡನೇ ಮಹಾಯುದ್ಧದಲ್ಲಿ ದೊಡ್ಡ ಕಾನ್ವಾಯ್ ಚಿಕ್ಕದಕ್ಕಿಂತ ಸುರಕ್ಷಿತ ಎಂದು ಅಂಕಿಅಂಶದಿಂದ ತೋರಿಸಿದ ಬ್ರಿಟಿಷ್ ಭೌತವಿಜ್ಞಾನಿ ಪ್ಯಾಟ್ರಿಕ್ ಬ್ಲ್ಯಾಕೆಟ್, ಸ್ವಾತಂತ್ರ್ಯಾನಂತರ ನೆಹರೂ ಅವರ ಆಹ್ವಾನದ ಮೇಲೆ ಭಾರತದ ರಕ್ಷಣಾ ಸಂಶೋಧನೆಗೆ ಸಲಹೆ ಕೊಟ್ಟವರು.

ಜಪಾನ್ ಇದನ್ನು ಕಲಿಯಲು ಎರಡು ವರ್ಷ ತೆಗೆದುಕೊಂಡಿತು. ಅದರ ನೌಕಾಪಡೆ ಒಂದೇ ಒಂದು ಮಹಾಸಮರದ ಕನಸಿನಲ್ಲಿತ್ತು. ಬೆಂಗಾವಲು ಕೆಲಸ ಬಡ್ತಿ ಸಿಗದವರ ಕೆಲಸ. ಯುದ್ಧ ಶುರುವಾದಾಗ ಈ ಉದ್ದೇಶದ ಕೈಬೊ ಹಡಗುಗಳು ಇದ್ದದ್ದು ನಾಲ್ಕು. ಇಡೀ ಬೆಂಗಾವಲಿಗೊಂದು ಪ್ರಧಾನ ಕಮಾಂಡ್ ಹುಟ್ಟಿದ್ದು 1943ರ ನವೆಂಬರ್‌ನಲ್ಲಿ, ಅಮೆರಿಕದ ಟಾರ್ಪೆಡೊ ಸರಿಹೋದ ಹೊತ್ತಿಗೆ. ಆಮೇಲೆ 170ರಷ್ಟು ಕೈಬೊ ಕಟ್ಟಿದರು, ಹೆಚ್ಚಿನವು 1944ರ ನಂತರ. ಸಿಂಗಪುರದಿಂದ ಜಪಾನಿನ ಮೋಜಿ ಬಂದರಿಗೆ ಎಣ್ಣೆ ತರುವ ‘ಹಿ’ ಎಂಬ ಹೆಸರಿನ ಕಾನ್ವಾಯ್‌ಗಳಿಗೆ ಸಣ್ಣ ವಿಮಾನವಾಹಕಗಳನ್ನೂ ಜೊತೆ ಮಾಡಿದರು. 1944ರ ಆಗಸ್ಟ್‌ನಲ್ಲಿ ತೈಯೊ, ಸೆಪ್ಟೆಂಬರ್‌ನಲ್ಲಿ ಉನ್ಯೊ, ನವೆಂಬರ್‌ನಲ್ಲಿ ಶಿನ್ಯೊ, ಮೂರನ್ನೂ ಜಲಾಂತರ್ಗಾಮಿಗಳೇ ಮುಳುಗಿಸಿದವು. ಬೇಟೆಗೆ ತಂದದ್ದೇ ಬೇಟೆಯಾಯಿತು.

1944ರಲ್ಲಿ ಅಮೆರಿಕ ತನ್ನ ಗುರಿಗಳಲ್ಲಿ ಎಣ್ಣೆ ಟ್ಯಾಂಕರುಗಳಿಗೆ ಆದ್ಯತೆ ಏರಿಸಿತು. ಇನ್ನೂ ಮೊದಲೇ ಮಾಡಬೇಕಿತ್ತು ಎಂಬುದು ನಮ್ಮ ಅಭಿಪ್ರಾಯ. ಎಣ್ಣೆ ಬಾರದೆ ಜಪಾನಿನ ಮುಖ್ಯ ನೌಕಾಬಲ ಎಣ್ಣೆ ಬಾವಿಗಳ ಹತ್ತಿರ, ಸಿಂಗಪುರದ ಬಳಿಯ ಲಿಂಗಾದಲ್ಲಿ ಲಂಗರು ಹಾಕಬೇಕಾಯಿತು. ಪೈಲಟ್‌ಗಳ ತರಬೇತಿ ಹಾರಾಟ ಕಡಿತವಾಯಿತು. 1945ರ ಮಾರ್ಚ್ ನಂತರ ದಕ್ಷಿಣದ ಎಣ್ಣೆ ಜಪಾನಿಗೆ ಬರಲೇ ಇಲ್ಲ. ಅದೇ ಮಾರ್ಚ್ ಕೊನೆಯಿಂದ ಅಮೆರಿಕದ ಬಿ-29 ಬಾಂಬರ್ ವಿಮಾನಗಳು ಜಪಾನಿನ ಜಲಸಂಧಿ ಮತ್ತು ಬಂದರುಗಳಿಗೆ 12,000ಕ್ಕೂ ಹೆಚ್ಚು ಮೈನ್‌ಗಳನ್ನು, ಅಂದರೆ ನೀರಿನಲ್ಲಿ ಅಡಗಿದ್ದು ಹಡಗು ಬಂದಾಗ ಸಿಡಿಯುವ ಸ್ಫೋಟಕಗಳನ್ನು, ಬೀಳಿಸಿದವು. ಕಾನ್ವಾಯ್‌ನಲ್ಲಿ ಬದುಕಿ ಬಂದ ಹಡಗೂ ಬಂದರಿನ ಬಾಯಲ್ಲಿ ಸಿಕ್ಕಿಬಿತ್ತು.

ಕಾನೂನಿನ ಮಾತನ್ನು ಬಿಡುವಂತಿಲ್ಲ. ಸಿಬ್ಬಂದಿ, ಪ್ರಯಾಣಿಕರು ಮತ್ತು ಹಡಗಿನ ದಾಖಲೆಗಳನ್ನು ಸುರಕ್ಷಿತ ಸ್ಥಳಕ್ಕೆ ಸೇರಿಸದೆ ವ್ಯಾಪಾರಿ ಹಡಗನ್ನು ಮುಳುಗಿಸಬಾರದು ಎಂದು 1936ರ ಲಂಡನ್ ಒಪ್ಪಂದ ಹೇಳುತ್ತಿತ್ತು. ಪರ್ಲ್ ಹಾರ್ಬರ್ ದಾಳಿಯ ದಿನವೇ ಅಮೆರಿಕ ಅದನ್ನು ಬದಿಗಿಟ್ಟು ಅನಿರ್ಬಂಧಿತ ಯುದ್ಧಕ್ಕೆ ಆದೇಶಿಸಿತು. ಯುದ್ಧಾನಂತರ ಜರ್ಮನ್ ನಾಯಕರ ಮೇಲೆ ನಡೆದ ನ್ಯೂರೆಂಬರ್ಗ್ ವಿಚಾರಣೆಗೆ ನಿಮಿಟ್ಜ್ ಇದನ್ನು ಲಿಖಿತವಾಗಿ ಒಪ್ಪಿಕೊಂಡರು. ಹೀಗಾಗಿ ಯು-ಬೋಟುಗಳ ಮುಖ್ಯಸ್ಥನಾಗಿದ್ದ ಡೋನಿಟ್ಜ್‌ನ ಶಿಕ್ಷೆಯನ್ನು ಈ ಆರೋಪದ ಮೇಲೆ ಅಳೆಯಲಿಲ್ಲ. ಪೆರಿಸ್ಕೋಪಿನಿಂದ ನೋಡುವವನಿಗೆ ಹಡಗಿನ ಹೊಟ್ಟೆಯೊಳಗೆ ಯಾರಿದ್ದಾರೆಂದು ಕಾಣುವುದಿಲ್ಲ. 1943ರ ಜನವರಿ 26ರಂದು ನ್ಯೂಗಿನಿಯ ಉತ್ತರಕ್ಕೆ ಅಮೆರಿಕದ ವಾಹೂ ಜಲಾಂತರ್ಗಾಮಿ ಮುಳುಗಿಸಿದ ಜಪಾನಿ ಹಡಗು ಬುಯೊ ಮಾರುವಿನಲ್ಲಿ ಪಂಜಾಬ್ ರೆಜಿಮೆಂಟಿನ 491 ಭಾರತೀಯ ಯುದ್ಧಕೈದಿಗಳಿದ್ದರು. ಅವರಲ್ಲಿ 195 ಜನ ಸತ್ತರು. ಅದಕ್ಕೆ ಎರಡು ತಿಂಗಳು ಮೊದಲು, 1942ರ ನವೆಂಬರ್ 23ರಂದು, ಮುಂಬೈಯಿಂದ ಮೊಂಬಾಸಾಗೆ ಹೊರಟಿದ್ದ ತಿಲಾವಾ ಹಡಗನ್ನು ಜಪಾನಿನ ಐ-29 ಜಲಾಂತರ್ಗಾಮಿ ಅರಬ್ಬಿ ಸಮುದ್ರದಲ್ಲಿ ಮುಳುಗಿಸಿತ್ತು; ಸತ್ತವರು 280. ಇಂದು ಧ್ವಜ ಪನಾಮದ್ದು, ಮಾಲೀಕ ಗ್ರೀಸಿನವ, ಸಿಬ್ಬಂದಿ ಭಾರತೀಯರು, ಸರಕು ಮೂರನೆಯವರದ್ದು. ಇಂಥ ಹಡಗು ಯಾರ ಹಡಗು ಎಂಬುದಕ್ಕೆ ನಮ್ಮ ಕಮಾಂಡರ್ ಕೈಯಲ್ಲಿ ಲಿಖಿತ ನಿಯಮ ಇರಬೇಕು. ಭಾರತದ ಸಾವಿರಾರು ನಾವಿಕರು ಬೇರೆ ಧ್ವಜಗಳಡಿ ದುಡಿಯುತ್ತಿರುವುದರಿಂದ ಅವರ ಪರವಾಗಿಯೂ ಒಂದು ನಿಯಮ ಬೇಕು.

ಈಗ ನಮ್ಮ ಕಡಲಿಗೆ. ನಮಗೆ ಬೇಕಾದ ಕಚ್ಚಾ ಎಣ್ಣೆಯಲ್ಲಿ ಶೇಕಡಾ 85ಕ್ಕೂ ಹೆಚ್ಚು ಆಮದು, ಬಹುಪಾಲು ಹಡಗಿನಲ್ಲಿ. ವಿದೇಶಿ ವ್ಯಾಪಾರದ ಸರಕಿನಲ್ಲಿ ಭಾರತದ ಧ್ವಜದ ಹಡಗುಗಳು ಹೊರುವುದು ಹತ್ತರಲ್ಲೊಂದು ಪಾಲಿಗೂ ಕಡಿಮೆ. ಯುದ್ಧದ ವಿಮೆ ದರ ಏರಿದ ದಿನ ವಿದೇಶಿ ಮಾಲೀಕ ತನ್ನ ಟ್ಯಾಂಕರನ್ನು ಬೇರೆಡೆಗೆ ತಿರುಗಿಸಿದರೆ ನಾವು ತಡೆಯಲಾರೆವು. ಒಂದು ಟಾರ್ಪೆಡೊ ಹಾರದೆಯೂ ಸಾಗಣೆ ನಿಲ್ಲುವ ದಾರಿ ಇದು. ಯುದ್ಧಕಾಲದ ವಿಮೆಗೆ ಸರ್ಕಾರದ ಖಾತರಿ ಎಷ್ಟು, ಅದು ಎಷ್ಟು ಗಂಟೆಯಲ್ಲಿ ಜಾರಿಗೆ ಬರುತ್ತದೆ ಎಂದು ಹಣಕಾಸು ಸಚಿವಾಲಯವನ್ನು ಕೇಳಿ.

ಜಪಾನೀಯರ ಮಧ್ಯಾಹ್ನದ ವರದಿಗೆ ಇಂದಿನ ಸಮಾನ ಎಐಎಸ್. ದೊಡ್ಡ ಹಡಗೊಂದು ಓಡುವಾಗ 2ರಿಂದ 10 ಸೆಕೆಂಡಿಗೊಮ್ಮೆ ತನ್ನ ಹೆಸರು, ಜಾಗ, ದಿಕ್ಕು, ವೇಗವನ್ನು ಗೂಢಲಿಪಿಯೂ ಇಲ್ಲದೆ ಪ್ರಸಾರ ಮಾಡುತ್ತದೆ. ಅದನ್ನು ಆರಿಸುವ ಆದೇಶ ಯಾರಿಂದ, ಯಾವ ಹಂತದಲ್ಲಿ? ಆರಿಸಿದ ಹಡಗುಗಳು ಡಿಕ್ಕಿಯಾಗದಂತೆ ದಾರಿ ಹಂಚುವವರು ಯಾರು? ಕಾನ್ವಾಯ್‌ನಲ್ಲಿ 300 ಮೀಟರ್ ಉದ್ದದ ಟ್ಯಾಂಕರನ್ನು ಸಾಲು ತಪ್ಪದೆ ನಡೆಸುವ ಅಭ್ಯಾಸ ವ್ಯಾಪಾರಿ ಕ್ಯಾಪ್ಟನ್‌ಗಳಿಗೆ ಇರುವುದಿಲ್ಲ. ಇಂಥ ಹಡಗು ನಿಲ್ಲಲು ಹಲವು ಕಿಲೋಮೀಟರ್ ಬೇಕು. ಶಾಂತಿಕಾಲದಲ್ಲಿ ವರ್ಷಕ್ಕೊಮ್ಮೆಯಾದರೂ ನಿಜವಾದ ಸರಕು ಹಡಗುಗಳೊಂದಿಗೆ ತಾಲೀಮು ಆಗಬೇಕು, ಅದರ ಇಂಧನ ಮತ್ತು ವಿಳಂಬದ ಖರ್ಚನ್ನು ರಕ್ಷಣಾ ಬಜೆಟ್ಟು ಭರಿಸಬೇಕು.

ಕೊನೆಯದಾಗಿ ಬಂದರಿನ ಬಾಯಿ. ದೇಶದ ಭೂಗತ ಎಣ್ಣೆ ಸಂಗ್ರಹ ವಿಶಾಖಪಟ್ಟಣದಲ್ಲಿ 13.3 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ. ಒಟ್ಟು 53.3 ಲಕ್ಷ ಟನ್ನಿನಲ್ಲಿ ಮುಕ್ಕಾಲು ಪಾಲು ಕರ್ನಾಟಕದ ಕರಾವಳಿಯಲ್ಲಿದೆ. ಪೂರ್ತಿ ತುಂಬಿದ್ದರೂ ಇಡೀ ದೇಶಕ್ಕೆ ಸುಮಾರು ಒಂಬತ್ತೂವರೆ ದಿನದ ಅಗತ್ಯ. ಖಾಲಿಯಾದ ಗುಹೆಗಳನ್ನು ಮತ್ತೆ ತುಂಬಬೇಕಾದದ್ದು ಹಡಗಿನಿಂದಲೇ. ಮಂಗಳೂರಿನಲ್ಲಿ ದೊಡ್ಡ ಟ್ಯಾಂಕರುಗಳು ದಡದಿಂದ ದೂರ ಕಡಲಿನಲ್ಲಿರುವ ತೇಲು ಬೋಯಿಗೆ ಕಟ್ಟಿಕೊಂಡು ಎಣ್ಣೆ ಇಳಿಸುತ್ತವೆ. ಅದರ ಸುತ್ತ ರಾತ್ರಿ ಒಂದು ಜಲಾಂತರ್ಗಾಮಿ ತನ್ನ ಟಾರ್ಪೆಡೊ ಕೊಳವೆಯಿಂದ ಕೆಲವು ಮೈನ್‌ಗಳನ್ನು ತಳಕ್ಕೆ ಬಿಟ್ಟು ಹೋದರೆ ಸಾಕು. ಒಂದು ಸಿಡಿದ ಮೇಲೆ ಉಳಿದವು ಎಷ್ಟೆಂದು ತಿಳಿಯುವ ತನಕ ಯಾವ ಕ್ಯಾಪ್ಟನ್ನೂ ಹತ್ತಿರ ಬರುವುದಿಲ್ಲ. ಕಾರವಾರದ ಕದಂಬ ನೌಕಾನೆಲೆಯಿಂದ ಹೊರಡುವ ಯುದ್ಧನೌಕೆಗಳಿಗೂ ಇದೇ ಗತಿ. ನೌಕಾಪಡೆಯ ಕೊನೆಯ ಮೈನ್ ತೆರವು ಹಡಗು ಐಎನ್‌ಎಸ್ ಕೋಯಿಕ್ಕೋಡ್ 2019ರ ಏಪ್ರಿಲ್‌ನಲ್ಲಿ ನಿವೃತ್ತವಾಯಿತು. ಹೊಸ ಹಡಗುಗಳ ಅಗತ್ಯಕ್ಕೆ 2025ರ ಜುಲೈನಲ್ಲಿ ಒಪ್ಪಿಗೆ ಸಿಕ್ಕಿದೆ. ಒಪ್ಪಿಗೆಯಿಂದ ಹಡಗು ನೀರಿಗಿಳಿಯುವ ತನಕ ವರ್ಷಗಳೇ ಬೇಕು. ಆ ನಡುವಿನ ವರ್ಷಗಳಲ್ಲಿ ಮಂಗಳೂರು ಬೋಯಿಯ ಸುತ್ತಲಿನ ಕಡಲ ತಳವನ್ನು ಯಾರು, ಯಾವ ಉಪಕರಣದಿಂದ, ಎಷ್ಟು ದಿನದಲ್ಲಿ ಶುಚಿ ಮಾಡಿಕೊಡುತ್ತಾರೆ ಎಂಬುದಕ್ಕೆ ದಿನಗಳ ಲೆಕ್ಕದಲ್ಲಿ ಉತ್ತರ ತರಿಸಿ, ಗೋಪ್ಯವಲ್ಲದ ಭಾಗವನ್ನು ಸಮಿತಿಯ ಮುಂದಿನ ವರದಿಯಲ್ಲಿ ಪ್ರಕಟಿಸಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಕಡಲ ಸಾಗಣೆ ಮತ್ತು ನೌಕಾ ಇತಿಹಾಸವನ್ನು ಅಭ್ಯಾಸ ಮಾಡುವ ಕೆಲವು ಕನ್ನಡಿಗರು